ಹೊಸ ಪುಸ್ತಕ

ವಾರ್ಡೆನ್ ಗುಡ್ಡದ ನೆತ್ತಿಯಲ್ಲಿ ಒಂದು ತಗಡಿನ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಪುಸ್ತಕ, ಗಾಳದ ದಾರಕ್ಕೆ ಕಟ್ಟಿದ ಪೆನ್ಸಿಲು.
ಹತ್ತಿದವರು ಬರೆದಿಡಬೇಕು:
ಹೆಸರು, ಊರು, ಹಿಡಿದ ಹೊತ್ತು, ಕಂಡದ್ದು.
ಎರಡು ಬೇಸಿಗೆಗೆ ಒಂದು ಪುಸ್ತಕ ತುಂಬುತ್ತದೆ.
ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವುದು
ಈಗ ನನ್ನ ಕೆಲಸ. ಸಂಬಳವಿಲ್ಲ.
ಮೊದಲು ಮಾಡುತ್ತಿದ್ದ ಸೋಲ್ವೈಗಳ ಮಂಡಿ ಸವೆದಾಗ
ಅಂಗಡಿಯ ಗಲ್ಲಾದಲ್ಲಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ
"ನಿನ್ನ ಕಾಲು ಉದ್ದವಿದೆ, ಸಿನ್ನೋವೆ" ಅಂದಳು.
ನೇಮಕಾತಿ ಮುಗಿಯಿತು.

ಗಲ್ಲಾ ಮುಚ್ಚಿ ಹೊರಟಾಗ ರಾತ್ರಿ ಒಂಬತ್ತು.
ಜುಲೈಯಲ್ಲಿ ನಮ್ಮ ಬಿಸಿಲಿಗೆ ಗಡಿಯಾರ ಓದಲು ಬರುವುದಿಲ್ಲ.
ಮೀನು ಒಣಹಾಕುವ ಖಾಲಿ ಚಪ್ಪರಗಳ ಪಕ್ಕ,
ಹಾದಿ ಶುರುವಾಗುವಲ್ಲಿ, ಬೆಂಚಿನ ಮೇಲೆ ಟೊರ್ಮೊಡ್.
"ಹೊಸದೇ? ಕೊಡು ಇಲ್ಲಿ."
ಮೂಸಿ ನೋಡಿದ. ಜೇಬಿನಿಂದ ಪೆನ್ನು ತೆಗೆದು
ತೊಡೆಯ ಮೇಲಿಟ್ಟುಕೊಂಡು ಏನೋ ಗೀಚಿ, ಮುಚ್ಚಿ ಕೊಟ್ಟ.
"ಹೋಗು, ಮೋಡ ಬರುವ ಮೊದಲು."
ಮುದುಕನ ಚೇಷ್ಟೆ. ಚೀಲಕ್ಕೆ ಹಾಕಿಕೊಂಡೆ.

ಮುನ್ನೂರ ಹದಿನಾಲ್ಕು ಮೀಟರು, ಅಷ್ಟೇ.
ಹಡಗಿನಿಂದ ನೋಡುವವರಿಗೆ ನುಣ್ಣಗೆ;
ಕಾಲಿಟ್ಟವರಿಗೆ ಮೂಗಿಗೆ ತಾಗುವ ಗೋಡೆ.
ಸುತ್ತಿ ಬಳಸಿ ಕರೆದೊಯ್ಯುವ ಸೌಜನ್ಯ ಈ ಹಾದಿಗಿಲ್ಲ.
ಕೆಳಗೆ ಬರ್ಚ್ ಪೊದೆ, ಕುದುರೆನೊಣ, ಬೂಟು ಕೇಳುವ ಕೆಸರು,
ಆಮೇಲೆ ಸಡಿಲ ಕಲ್ಲು, ಎರಡು ಹೆಜ್ಜೆ ಏರಿದರೆ ಒಂದು ವಾಪಸು,
ಆಮೇಲೆ ಬಂಡೆಗೆ ಬಿಗಿದ ಹಳೆಯ ಟ್ರಾಲರಿನ ನೀಲಿ ಹಗ್ಗ.
ದಾರಿ ತಪ್ಪದಿರಲೆಂದು ಕಲ್ಲುಗಳಿಗಿಟ್ಟ ಕೆಂಪು ಬೊಟ್ಟು
ಟೊರ್ಮೊಡ್ ಒಂದು ಕಾಲದಲ್ಲಿ ಬಳಿದದ್ದು,
ದೋಣಿಗೆ ಹಚ್ಚಿ ಉಳಿದ ಬಣ್ಣ;
ಹಾಗಾಗಿ ಮೇಲೆ ಹೋದಂತೆ ತೆಳು, ಇನ್ನೂ ತೆಳು.

ಹಗ್ಗದ ಬಳಿ ಕುಸಿದು ಕೂತ ದಂಪತಿ, ಟೊಮೇಟೊ ಬಣ್ಣದ ಮುಖ.
"ಇನ್ನೆಷ್ಟು ದೂರ?"
"ಇನ್ನೇನು, ಹತ್ತು ನಿಮಿಷ."
ಲೋಕದ ಯಾವ ಗುಡ್ಡದಲ್ಲೂ ಈ ಸುಳ್ಳಿಗೆ ಪಾಪವಿಲ್ಲ.

ನೆತ್ತಿಗೆ ಬಂದಾಗ ಎದೆ ಕಿವಿಯಲ್ಲಿ ಬಡಿಯುತ್ತಿತ್ತು.
ಗಾಳಿ ನನ್ನ ಬೆವರನ್ನು ಒಂದೇ ಗುಟುಕಿಗೆ ಕುಡಿಯಿತು.
ಕೆಳಗೆ ಸಮುದ್ರ. ಏನು ಹೇಳಲಿ, ಸಮುದ್ರ.
ಯಾರೋ ಎಣಿಸುತ್ತ ಎಣಿಸುತ್ತ ಬೇಸತ್ತು ಕೈಚೆಲ್ಲಿದಂಥ ದ್ವೀಪಗಳು,
ಬೆಂಕಿಪೊಟ್ಟಣದಷ್ಟು ನಮ್ಮ ಅಂಗಡಿ,
ಅದರೊಳಗೆ ನನ್ನ ಇಡೀ ವಾರ.

ಹಳೆಯ ಪುಸ್ತಕ ನೆನೆದು ಒಣಗಿ ಹಪ್ಪಳದಂತೆ ಉಬ್ಬಿತ್ತು.
ತಿರುವಿದೆ.
"ಸ್ವರ್ಗ!" "ಬರೀ ಮಂಜು."
"ರಾನ್ವೈ ಬೇಡ ಅಂದಿದ್ದಳು. ರಾನ್ವೈ ಹೇಳಿದ್ದೇ ಸರಿ."
"ಕಂಡದ್ದು: ಒಂದು ಕುರಿ. ನನ್ನನ್ನೇ ನೋಡುತ್ತಿತ್ತು."
ನಡುನಡುವೆ, ಮಂಗಳವಾರ ಬಂತೆಂದರೆ, ಒತ್ತಿ ಬರೆದ ಅಕ್ಷರ:
ಟೊರ್ಮೊಡ್. ನಲವತ್ತೊಂದು ನಿಮಿಷ. ಸಮುದ್ರ.
ಟೊರ್ಮೊಡ್. ಐವತ್ತು ನಿಮಿಷ. ಸಮುದ್ರ.
ಟೊರ್ಮೊಡ್. ಒಂದು ಗಂಟೆ ಇಪ್ಪತ್ತು. ಸಮುದ್ರ, ಒಂದು ಹದ್ದು.
ಟೊರ್ಮೊಡ್. ಹೊತ್ತು ನೋಡಲಿಲ್ಲ. ಸಮುದ್ರ.
ಅಲ್ಲಿಂದಾಚೆ ನಲವತ್ತು ಪುಟ
ಬೇರೆಯವರದು.

ಹೊಸದನ್ನು ತೆರೆದೆ.
ಖಾಲಿ ಇರಬೇಕಿದ್ದ ಮೊದಲ ಪುಟದ ಮೊದಲ ಸಾಲು:
ಹೆಸರು, ಟೊರ್ಮೊಡ್.
ಊರು, ಇದೇ.
ಹಿಡಿದ ಹೊತ್ತು, ಒಂದು ಅಡ್ಡಗೆರೆ.
ಕಂಡದ್ದು:
ಗುಡ್ಡ. ಪೂರ್ತಿ.

ಅಂಚಿಗೆ ಹೋಗಿ ಇಣುಕಿದೆ.
ಅಲ್ಲಿಂದ ಬೆಂಚು ಕಾಣುವುದಿಲ್ಲ, ಬಂಡೆ ಅಡ್ಡ.
ಆದರೂ ಕೈ ಬೀಸಿದೆ, ಹುಚ್ಚಿಯ ಹಾಗೆ, ಎರಡೂ ಕೈ.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದೇಬಿಟ್ಟರು ಆ ಗಂಡ ಹೆಂಡತಿ:
"ಹತ್ತು ನಿಮಿಷ ಅಂದಿದ್ದಿರಿ!"
ಪೆನ್ಸಿಲು ಚಾಚಿದೆ.
"ಎರಡನೆಯ ಸಾಲಿನಿಂದ ಬರೆಯಿರಿ" ಅಂದೆ,
"ಮೊದಲನೆಯದಕ್ಕೆ ಆಗಲೇ ಜನ ಬಂದಾಯಿತು."