ಗೋಡೆಯೊಳಗಿನ ತೂಕ

ಲೀತ್ ಬಂದರಿನ ಹಳೇ ಕಲ್ಲುಕಟ್ಟಡ, ಮೂರನೇ ಮಹಡಿ.
ಎಫೀ ಡನ್‌ಬಾರ್ ಮಂಡಿಯೂರಿ
ಕಿಟಕಿಯ ಪಕ್ಕೆಗೆ ಕಿವಿಗೊಟ್ಟಿದ್ದಾಳೆ.
ವೈದ್ಯೆಯಲ್ಲ, ಬಡಗಿ.
'ಹಗ್ಗ ಹರಿದಿದೆ. ಎಡಗಡೆಯದು.'

ನಾನು ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಉಳಿ ಅಂದರೆ ಉಳಿ, ಚಹಾ ಅಂದರೆ ಚಹಾ.
ಕಿಟಕಿಯೆಂದರೆ ಗೋಡೆಯ ತೂತು
ಎಂದುಕೊಂಡಿದ್ದೆ ಅಲ್ಲಿಯತನಕ.

ಪುಟ್ಟ ಹಲಗೆಯೊಂದನ್ನು ಮೀಟಿ ತೆಗೆದಳು:
ಒಳಗೊಂದು ಬಾವಿ. ನೀರಿಲ್ಲ.
ಮೇಲೆ ಹಿತ್ತಾಳೆಯ ರಾಟೆ,
ತಳದಲ್ಲಿ ಸೌತೆಕಾಯಿಯಷ್ಟುದ್ದ ಕಬ್ಬಿಣದ ಗುಂಡು,
ನೂರು ವರ್ಷದ ಧೂಳಲ್ಲಿ ಮಕಾಡೆ ಮಲಗಿದೆ.

'ಕದದ ಕಿಟಕಿಗೆ ಕೀಲು ಸಾಕು.
ದೂಡಿದರೆ ಬೀದಿಗೆ ಕೈ ಚಾಚುತ್ತದೆ.
ಈ ಊರಿನ ಗಾಳಿಯನ್ನು ನಂಬಿ
ಕೈ ಚಾಚಿ ಉಳಿದವರುಂಟೇ?
ಇದು ಜಾರುಕಿಟಕಿ. ಯಾರ ಜಾಗವನ್ನೂ ಕೇಳದು,
ಏರುವುದೂ ಇಳಿಯುವುದೂ ತನ್ನ ಮೈಯೊಳಗೇ.'

ಎದುರುಮನೆಯ ಉಬ್ಬುಕಿಟಕಿಯ ಮೇಲೆ ಅವಳಿಗೆ ಸಿಟ್ಟು:
ಮೂರು ಮುಖ ಅದಕ್ಕೆ,
ಬಂದವರೂ ಬೇಕು, ಹೋದವರೂ ಬೇಕು.
ಮೆಟ್ಟಿಲ ನೆತ್ತಿಯ ಗಾಜಿನ ಗುಮ್ಮಟಕ್ಕೋ
ಕಡಲಹಕ್ಕಿಗಳ ಅಂಗಾಲು ಬಿಟ್ಟರೆ ಬೇರೆ ನೋಟವಿಲ್ಲ,
ಬರೀ ಬೆಳಕು ಸುರಿಯುವ ಕೆಲಸ.

'ಮೂಲೆಮನೆಯ ಕಿಟಕಿ
ತೆರಿಗೆಗೆ ಹೆದರಿ ಮುಚ್ಚಿದ್ದಂತೆ?'
'ಎಲ್ಲರೂ ಹಾಗೇ ಅಂತಾರೆ. ಅದು ಹುಟ್ಟುಗುರುಡು.
ಸಾಲು ತಪ್ಪಬಾರದೆಂದು ಕಲ್ಲಲ್ಲೇ ಕಡೆದ ಸುಳ್ಳು.
ಹಿಂದೆ ಹೊಗೆಗೂಡು.
ಕರಿಬಣ್ಣ ಬಳಿದು ಬಿಳಿಪಟ್ಟಿ ಎಳೆದಿದ್ದಾರೆ,
ಪಾರಿವಾಳವೂ ನಂಬುವುದಿಲ್ಲ.'

ಮನೆಯಾತ ಗಿಲ್‌ಕ್ರಿಸ್ಟ್, ಹಡಗುಕಟ್ಟೆಯಲ್ಲಿ ಕ್ರೇನು ನಡೆಸಿದವನು,
ಚಳಿಗೆಂದು ಜೋಡಿಗಾಜು ತರಿಸಿದ್ದಾನೆ.
ಹೊಸ ಗಾಜು ಭಾರ. ಎಷ್ಟು?
ಬಚ್ಚಲಮನೆಯ ತೂಕದ ಯಂತ್ರ ತರಿಸಿ
ಎಫೀ ಚೌಕಟ್ಟು ಹೊತ್ತು ನಿಂತಳು, ಆಮೇಲೆ ಬರಿಗೈಲಿ.
ಕಳೆದು ಉಳಿದದ್ದನ್ನು ಗೋಡೆಗೆ ಬರೆದಳು.
ಎರಡನೇ ಅಂಕಿ ಮಾತ್ರ ಯಾರಿಗೂ ಹೇಳಲಿಲ್ಲ.

'ಕಬ್ಬಿಣ ಸಾಲದು, ಸೀಸ ಬೇಕು' ಅಂದ ಮುದುಕ,
ಅವಳು ಬಾಯಿ ತೆರೆಯುವ ಮೊದಲೇ.
'ಎದುರುತೂಕ ನನಗೆ ಕಲಿಸಬೇಡಿ.
ಸರಿಸಮ ತೂಗಿ ಕಟ್ಟಿ.'
'ಸರಿಸಮ ಅಲ್ಲ' ಅಂದಳು.
'ಮೇಲಿನ ಪಡಿಯ ಗುಂಡು ಒಂದು ಹಿಡಿ ಹೆಚ್ಚಿರಬೇಕು,
ಕೆಳಗಿನದರದ್ದು ಒಂದು ಹಿಡಿ ಕಮ್ಮಿ.
ಆಗ ಮೇಲಿನದು ಮೇಲೇ ಒತ್ತಿ ನಿಲ್ಲುತ್ತದೆ,
ಕೆಳಗಿನದು ಕೆಳಗೇ ಕೂರುತ್ತದೆ.
ಸಮ ತೂಗಿದರೆ ಎರಡಕ್ಕೂ ನೆಲೆಯಿಲ್ಲ,
ನಡುವೆ ಚಳಿ ನುಗ್ಗುತ್ತದೆ.'

ಮುದುಕ ಬಹಳ ಹೊತ್ತು ಯೋಚಿಸಿದ.
ಕ್ರೇನಿನಲ್ಲಿ ಹೀಗಿರಲಿಲ್ಲ ಅಂದ.

ಸಂಜೆ ನಾಲ್ಕಕ್ಕೇ ಕತ್ತಲು.
ಹೊಸ ಹಗ್ಗ, ರಾಟೆಗೆ ಒಂದು ತೊಟ್ಟು ಎಣ್ಣೆ.
ಎರಡು ಬೆರಳಲ್ಲಿ ಎತ್ತಿದ, ಗಾಜು ಏರಿತು.
ಉಪ್ಪುಗಾಳಿ, ಬಸ್ಸಿನ ಸದ್ದು, ಯಾರದೋ ಹುರಿದ ಮೀನು.

ನಾನು ಪಕ್ಕೆಗೆ ಕಿವಿಯಿಟ್ಟಿದ್ದೆ:
ಗೋಡೆಯ ಕತ್ತಲಲ್ಲಿ, ಎಲ್ಲಿಗೂ ತಾಗದೆ,
ಸೀಸ ಇಳಿಯುತ್ತಿತ್ತು.