ತುದಿ ಮುರಿದ ಟೇಪು

ಅರಸೀಕೆರೆಯ ಉಪವಿಭಾಗ ಕಚೇರಿಯಲ್ಲಿ
ಇವತ್ತು ನಾನು ಚಾರ್ಜ್ ಕೊಡುವ ದಿನ.
ಬೀರುವಿನ ಕೀಲಿ, ಡಂಪಿ ಲೆವೆಲ್ಲಿನ ಮರದ ಪೆಟ್ಟಿಗೆ,
ಅಳತೆ ಪುಸ್ತಕ ಹದಿನೇಳು, ಎಣಿಸಿ ಕೊಟ್ಟೆ.
ಹೊಸದಾಗಿ ಬಂದ ನಿಖತ್, ಬಾಣಾವರದವಳು,
ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು:
"ಸ್ಟೀಲ್ ಟೇಪು, ಮೂವತ್ತು ಮೀಟರ್, ಒಂದು.
ಸರ್, ಇದರ ತುದಿ ಮುರಿದಿದೆಯಲ್ಲ?"

ಮುರಿದಿದೆ.
ಜಾವಗಲ್ ರಸ್ತೆಯಲ್ಲಿ ನನ್ನ ಮೊದಲ ಮೋರಿಯ ಹತ್ತಿರ
ಎತ್ತಿನಗಾಡಿಯ ಚಕ್ರ ಹತ್ತಿ ಮುರಿದದ್ದು.
ಅವತ್ತಿನಿಂದ ಹತ್ತರ ಗೆರೆ ಹಿಡಿದು ಅಳೆಯುವುದು,
ಬಂದದ್ದರಲ್ಲಿ ಹತ್ತು ಕಳೆಯುವುದು.

ಆ ಮೋರಿಗೆ ನಾನು ಬರೆದ ನಕ್ಷೆ ಚೆನ್ನಾಗಿತ್ತು.
ನೀಲಿ ಗೆರೆ, ಕೆಂಪು ಗೆರೆ, ಉತ್ತರಕ್ಕೊಂದು ಬಾಣ.
ನಕ್ಷೆಯ ಪ್ರಕಾರ ನೀರು ಎಡದಿಂದ ಬರಬೇಕು.
ಹನುಮಬೋವಿ ಗಾರೆ ಕಲಸುವುದು ನಿಲ್ಲಿಸಿ
ಬಲಗಡೆಯ ಕಳ್ಳಿಬೇಲಿ ತೋರಿಸಿದ:
ಬೇಲಿಗೆ ಸಿಕ್ಕಿಕೊಂಡ ಜೋಳದ ದಂಟು, ಒಂಟಿ ಹವಾಯಿ ಚಪ್ಪಲಿ,
ಮೊಣಕಾಲೆತ್ತರಕ್ಕೆ ಒಣಗಿದ ಕೆಸರಿನ ಗೆರೆ.
"ನೀರು ಸಹಿ ಹಾಕಿ ಹೋಗೈತೆ ಸಾಮಿ, ಓದ್ಕಳಿ."
ನನಗಾಗ ಇಪ್ಪತ್ತನಾಲ್ಕು. ಅಂದಾಜುಪಟ್ಟಿ ಮಂಜೂರಾಗಿತ್ತು.
ಓದಿಕೊಳ್ಳಲಿಲ್ಲ.

ಚಿತ್ತೆ ಮಳೆಗೆ ರಸ್ತೆ ಕೊಚ್ಚಿಹೋಯಿತು, ಬಲಕ್ಕೆ, ಇಪ್ಪತ್ತು ಮಾರು.
ನನ್ನ ಮೋರಿ ಮಾತ್ರ ಒದ್ದೆಯಾಗದೆ ನಿಂತಿತ್ತು
ಹೊಸ ಪಂಚೆ ಉಟ್ಟು
ಯಾರದೋ ಮದುವೆಗೆ ದಾರಿ ತಪ್ಪಿ ಬಂದವನ ಹಾಗೆ.

ಇದನ್ನು ನಗುತ್ತ ಹೇಳಬಲ್ಲೆ.
ಇನ್ನೊಂದನ್ನು ಇಷ್ಟು ವರ್ಷ ಹೇಳಿಲ್ಲ.

ಒಂದು ಮಾರ್ಚ್ ಮೂವತ್ತೊಂದು. ರಾತ್ರಿ ಹನ್ನೊಂದು ಗಂಟೆ.
ಖಜಾನೆಗೆ ಬಿಲ್ಲು ಮುಟ್ಟಬೇಕು,
ಗುತ್ತಿಗೆದಾರ ಚೆಲುವರಾಜು ಬಾಗಿಲಲ್ಲಿ ಬೈಕ್ ಆರಿಸಿಲ್ಲ.
ಸಂತೆಪೇಟೆ ಹಿಂದಿನ ಓಣಿಯ ಕಾಂಕ್ರೀಟು
ಅಗೆದು ನೋಡಿದಾಗ ಹನ್ನೆರಡು ಸೆಂಟಿಮೀಟರ್ ಇತ್ತು.
ಪುಸ್ತಕದಲ್ಲಿ ಹದಿನೈದು ಬರೆದೆ.
ದುಡ್ಡು ಮುಟ್ಟಲಿಲ್ಲ. ಈ ಮಾತನ್ನು
ಮುಟ್ಟಿದವರು ಹೇಳುವುದಕ್ಕಿಂತ ಹೆಚ್ಚು ಸಲ
ನನಗೆ ನಾನೇ ಹೇಳಿಕೊಂಡಿದ್ದೇನೆ.
ನಿದ್ದೆ ಬರುತ್ತಿತ್ತು, ಅಷ್ಟೆ. ಮನೆಗೆ ಹೋಗಬೇಕಿತ್ತು.
ಈಗಲೂ ಹಾಲಿನವನು ಆ ಓಣಿಯ ಬಿರುಕಿನ ಹತ್ತಿರ
ಸೈಕಲ್ಲಿಂದ ಇಳಿಯುತ್ತಾನೆ,
ಕ್ಯಾನಿಗೆ ಕೈಯಿಟ್ಟು ದಾಟಿಸುತ್ತಾನೆ.
ನಾನು ಸುತ್ತುಹಾಕಿ ಬೇರೆ ಬೀದಿಯಲ್ಲಿ ಬರುತ್ತೇನೆ.

ತರಬೇತಿ ಸಂಸ್ಥೆಯಿಂದ ನಮೂನೆ ಬಂದಿತ್ತು ಹೋದ ತಿಂಗಳು:
"ಸೇವಾವಧಿಯಲ್ಲಿ ಕಲಿತ ಪಾಠಗಳು", ಐದು ಸಾಲಿನ ಜಾಗ.
ಏನು ತುಂಬಲಿ?
ಕಣಕಟ್ಟೆ ಕಡೆಯ ಒಂದೂರಿಗೆ
ನೀರು ಬಿಡುವ ವೇಳಾಪಟ್ಟಿ ಮಾಡಿಕೊಟ್ಟಿದ್ದೆ,
ಓಣಿವಾರು, ಗಂಟೆವಾರು, ರಟ್ಟಿಗೆ ಅಂಟಿಸಿ.
ಮೂರು ತಿಂಗಳು ಬಿಟ್ಟು ಹೋದರೆ
ವಾಲ್ವ್ ತಿರುಗಿಸುವ ದ್ಯಾವಮ್ಮ ಅದನ್ನು ದುಂಡಗೆ ಕತ್ತರಿಸಿ
ವಾಷರ್ ಮಾಡಿ ಹಾಕಿದ್ದಳು.
ಸೋರುವುದು ನಿಂತಿತ್ತು.
ನೀರು? ಬಾಣಂತಿ ಇರುವ ಓಣಿಗೆ ಮೊದಲು,
ಸಾವಾದ ಮನೆ ಇದ್ದರೆ ಅದಕ್ಕೂ ಮೊದಲು.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?
ಐದೂ ಸಾಲು ಖಾಲಿ ಬಿಟ್ಟು ಸಹಿ ಹಾಕಿ ಕಳಿಸಿದೆ.

"ಹೊಸ ಟೇಪಿಗೆ ಇಂಡೆಂಟ್ ಹಾಕೋಣ್ವಾ ಸರ್?"
ಹಾಕಮ್ಮ, ಹಾಕು. ಬರುವವರೆಗೆ ಹತ್ತರಿಂದ ಹಿಡಿ.
ಕಳೆಯುವುದನ್ನು ಮರೆಯಬೇಡ.
ನಾನು ಎರಡು ಸಲ ಮರೆತಿದ್ದೇನೆ,
ಒಂದು ಸಲ ನಿಜವಾಗಿ.

ಅವಳು ಅರ್ಥ ಕೇಳಲಿಲ್ಲ.
ಟೇಪು ಎಳೆದು ನನ್ನ ಮೇಜಿನ ಅಂಚಿಗೆ ಹಿಡಿದಳು,
ಇನ್ನು ಅವಳದೇ ಆ ಮೇಜು.
"ನೂರ ಮೂವತ್ತೆರಡು" ಅಂದಳು.
ತಡೆದಳು.
"ಅಲ್ಲ. ನೂರ ಇಪ್ಪತ್ತೆರಡು."