ಹನ್ನೆರಡು ಬೈ ಹತ್ತು

ಪದಕ ಬಂದ ರಾತ್ರಿ ಕೌಲ್ ಬಜಾರಿನ ನನ್ನ ಅಂಗಡಿಯಲ್ಲಿ
ಮಷೀನು ಬೆಳಗಿನ ತನಕ ಅವನನ್ನು ಉಗುಳಿತು.
ಹನ್ನೆರಡು ಬೈ ಹತ್ತು, ಇಪ್ಪತ್ತು ಬೈ ಹತ್ತು.
"ಬಳ್ಳಾರಿ ಹುಲಿ ಹುಲುಗಪ್ಪನವರಿಗೆ ಹಾರ್ದಿಕ ಸ್ವಾಗತ."
ಸಾಹೇಬರ ಮುಖ ಆಳೆತ್ತರ, ಮಗನದು ಎದೆಯೆತ್ತರ,
ಕೆಳಗೆ ಶುಭ ಕೋರುವ ನಲವತ್ತು ಮಂದಿ, ಸ್ಟಾಂಪಿನಷ್ಟು.
ಹುಲಿ ಎಲ್ಲಿಡಲಿ ಅಂದೆ.
"ಮೂಲ್ಯಾಗ ಇಡೋ ಪಾಷಾ. ಸ್ವಲ್ಪ ಬೆಳ್ಳಗ ಮಾಡು,
ರಾತ್ರಿ ಲೈಟಿಗೆ ಕಾಣಂಗಿಲ್ಲ."

ಮಾಡಿದೆ. ನನಗೇನು, ಚದರಡಿಗೆ ಹನ್ನೆರಡು ರೂಪಾಯಿ.
ಒಬ್ಬರಿಗೆ ಗೋಧಿ ಬಣ್ಣ, ಒಬ್ಬರಿಗೆ ಕೆನೆಹಾಲು,
ಶಾಲು ಮಾತ್ರ ಪಾರ್ಟಿಗೊಂದು.
ಒಳಗಿದ್ದದ್ದು ಅದೇ ಒಂದು ಫೋಟೋ,
ಜೀನ್ಸ್ ವಾಷಿಂಗ್ ಯುನಿಟ್ಟಿನ ಹಿಂದೆ, ತಗಡಿನ ಶೆಡ್ಡಿನಲ್ಲಿ
ನಾನೇ ಮೊಬೈಲಿನಲ್ಲಿ ತೆಗೆದದ್ದು:
ಜೀನ್ಸ್ ಚಿಂದಿ ತುಂಬಿದ ಚೀಲ,
ಅದನ್ನು ಗುದ್ದಿ ಗುದ್ದಿ ಗೆಣ್ಣಿಗೆ ಹತ್ತಿದ ನೀಲಿ,
ಬೆವರಿಳಿದ ಅವನ ಕಪ್ಪು, ಕೋಟೆ ಗುಡ್ಡದ ಬಂಡೆಯ ಹಾಗೆ
ಮಧ್ಯಾಹ್ನದ ಬಿಸಿಲನ್ನು ವಾಪಸು ಎಸೆಯುತ್ತಿತ್ತು.

ಸನ್ಮಾನದ ದಿನ ಮೈಕು ಕೈಗೆ ಬಂತು.
"ನಮ್ಮೂರ ಹೋಟ್ಲಾಗ ನಮ್ಮಪ್ಪಗ ಇವತ್ತಿಗೂ ಬ್ಯಾರೆ ಲೋಟ ಐತ್ರಿ.
ಮದ್ಲು ಅದನ್ನ ತಗೀರಿ.
ಹಾರ ಆಮ್ಯಾಲೆ ಹಾಕೀರಂತ."

ಚಪ್ಪಾಳೆ ಅರ್ಧಕ್ಕೆ ನಿಂತ ಸದ್ದು ಕೇಳಿದ್ದೀರಾ?
ಇಂಕು ಮುಗಿದ ಮೇಲೂ ಮಷೀನಿನ ಹೆಡ್ಡು
ಸುಮ್ಮನೆ ಆಚೀಚೆ ಓಡಾಡುತ್ತದಲ್ಲ, ಹಾಗೆ.

ಸಂಜೆಗೆ ಮೂರು ಆರ್ಡರು ಕ್ಯಾನ್ಸಲ್.
ವಾರದೊಳಗೆ ಹೆಸರಿನ ಬಾಲ ಉದುರಿತು:
ಹುಲುಗಪ್ಪನವರು ಹೋಗಿ ಹುಲುಗಪ್ಪ,
ಹುಲುಗಪ್ಪ ಹೋಗಿ ಹುಲುಗ,
ಟೀ ಅಂಗಡಿಯಲ್ಲಿ ಕೊನೆಗೆ ಬರೀ "ಆ ಜಾತಿಯವನು."
ಅವನ ಎಡಗೈ ಹೊಡೆತವನ್ನು ಗಾಳಿಯಲ್ಲಿ ಹೊಡೆದು ತೋರಿಸುತ್ತಿದ್ದ ಮೇಷ್ಟ್ರು
ಕೋಟಾದಲ್ಲಿ ಬಂದ ಪದಕ ಅಂದರು.
ಎದುರಿನವನು ಏನು ಸರ್ಟಿಫಿಕೇಟು ನೋಡಿ ಗುದ್ದುತ್ತಾನೆಯೇ ಸಾರ್,
ಅಂತ ನಾನು ಕೇಳಲಿಲ್ಲ.
ಗಿರಾಕಿ ಅವರು.

ಪ್ರತಿಭಟನೆಯ ಬ್ಯಾನರಿಗೂ ನನ್ನ ಹತ್ತಿರವೇ ಬಂದರು.
"ಈಗ ಕರ್ರಗ ಮಾಡು. ಕಣ್ಣು ಕೆಂಪಗ ಮಾಡು."
ಮಾಡಿದೆ. ಅದೇ ರೇಟು.
ಅವನ ಓಣಿಯ ಹುಡುಗರು ಬಂದರು, ನೀಲಿ ಹಿನ್ನೆಲೆ ಬೇಕೆಂದು,
ಅಡ್ವಾನ್ಸ್ ಚಿಲ್ಲರೆ ಎಣಿಸಿಟ್ಟು, ತಲೆ ತಗ್ಗಿಸಿ ಅಂದರು:
"ಅಣ್ಣಾ, ಒಂಚೂರು ಬೆಳ್ಳಗಿರ್ಲಿ."
ಆ ಒಂದು ಸಲ ನನ್ನ ಕೈ ತಡವರಿಸಿತು.

ದೂರದ ಯಾವುದೋ ದೇಶದಲ್ಲಿ ಅವನು ಸೋತ ರಾತ್ರಿ
ಎರಡು ಕಡೆ ಪಟಾಕಿ ಕೇಳಿದೆ.
ಮದುವೆಯದೂ ಇದ್ದೀತು.

ಅವನೇ ಬಂದದ್ದು ಒಂದು ಮಧ್ಯಾಹ್ನ, ಕರೆಂಟು ಆಗಷ್ಟೇ ಬಂದಿತ್ತು.
ಕೈಯಲ್ಲಿ ಅಪ್ಪನ ಹಳೇ ಕಾರ್ಡು, ಉಗುರಿನಷ್ಟು ಫೋಟೋ.
"ನಾಡದು ದಿನ ಐತಿ. ಎರಡು ಬೈ ಮೂರು ಸಾಕು."
ಸ್ಕ್ಯಾನ್ ಮಾಡಿದೆ, ಕಲೆ ತೆಗೆದೆ, ಕಾಲರು ನೇರ ಮಾಡಿದೆ.
ಆಮೇಲೆ ನನಗೇ ಗೊತ್ತಿಲ್ಲದೆ ನನ್ನ ಬೆರಳು
ಬಣ್ಣದ ಗುಂಡಿಯನ್ನು ಬಲಕ್ಕೆ,
ಬೆಳಕಿನ ಕಡೆಗೆ ಎಳೆಯತೊಡಗಿತ್ತು.

ನನ್ನ ಕೈಯ ಮೇಲೆ ಅವನ ಕೈ ಬಂತು.
ಎಷ್ಟು ದೇಶದವರನ್ನು ಕೆಡವಿದ ಕೈ; ನೊಣ ಕೂತಷ್ಟು ಭಾರ.
"ಇರ್ಲಿ ಬಿಡಣ್ಣ," ಅಂದ.
"ಆಮ್ಯಾಲೆ ನಮ್ಮವ್ವಗ ಗುರ್ತು ಸಿಗಂಗಿಲ್ಲ."

ಅವನು ಹೋದ ಮೇಲೆ ಆ ಶೆಡ್ಡಿನ ಫೋಟೋ ಹುಡುಕಿದೆ.
ಫೈನಲ್, ಫೈನಲ್ ಎರಡು, ಸಾಹೇಬರ ಫೈನಲ್, ನೀಲಿ ಫೈನಲ್.
ಮೊದಲಿನದು ಇಲ್ಲ.
ಮೊದಲ ರಾತ್ರಿಯ ಅವಸರದಲ್ಲಿ
ಅದರ ಮೇಲೆಯೇ ಸೇವ್ ಒತ್ತಿದ್ದೆ.